ಮರೆಯದ ಮೂಲೆ

ನಮ್ಮ ಅಕ್ಕನ ಮಗನಿಗೆ ಮೆಜೆಸ್ಟಿಕ್ಕಿನಿಂದ ಹೊರಡುವ ಬಸ್ಸುಗಳ ನಂಬರು, ದಾರಿ ಎಲ್ಲ ಬಾಯಿಪಾಠ. ಆದರೆ ಮನೆ ಹತ್ತಿರದ ಸ್ಟಾಪಿಗೆ ಮಾತ್ರ ಅವನು ಬರುವುದಿಲ್ಲ. ಎರಡು ವರ್ಷದ ಹಿಂದೆ ಅಲ್ಲೊಂದು ಲಾರಿ ಅವನ ಪಕ್ಕದಲ್ಲೇ ಹಾರ್ನ್ ಹೊಡೆದಿತ್ತು. ಅವನಿಗೆ ಆಟಿಸಂ ಇದೆ. ಅದು ಗೊತ್ತಾದ ದಿನದಿಂದ ನೆಂಟರು ಅಕ್ಕನನ್ನು ಕೇಳುತ್ತ ಬಂದದ್ದು ಒಂದೇ ಪ್ರಶ್ನೆ: 'ಬಸುರಿಯಾಗಿದ್ದಾಗ ಏನು ಮಾಡ್ಕೊಂಡೆ?'

ಈ ಪ್ರಶ್ನೆಗೂ ಒಂದು ಚರಿತ್ರೆ ಇದೆ. 1943ರಲ್ಲಿ ಅಮೆರಿಕದ ಬಾಲ್ಟಿಮೋರಿನ ಮನೋವೈದ್ಯ ಲಿಯೊ ಕ್ಯಾನರ್ 11 ಮಕ್ಕಳ ಬಗ್ಗೆ ಬರೆದರು. ಅವರಲ್ಲಿ ಹಲವರ ಅಸಾಧಾರಣ ನೆನಪಿನ ಶಕ್ತಿಯನ್ನು ಆಗಲೇ ಗುರುತಿಸಿದ್ದರು. ಜೊತೆಗೆ, ಈ ಮಕ್ಕಳ ಹೆತ್ತವರಲ್ಲಿ ಅಕ್ಕರೆಯುಳ್ಳವರು ಕಡಿಮೆ ಎಂದೂ ಸೇರಿಸಿದರು. ಆ ಮಾತು ಬೆಳೆಯಿತು. 1967ರಲ್ಲಿ ಬ್ರೂನೊ ಬೆಟೆಲ್‌ಹೈಮ್ ಬರೆದ ಪುಸ್ತಕ ತಾಯಂದಿರನ್ನು ಕಟಕಟೆಯಲ್ಲೇ ನಿಲ್ಲಿಸಿತು.

1991ರಲ್ಲಿ ಎಕ್ಸ್ ವರ್ಣತಂತುವಿನ ಮೇಲೆ ಒಂದು ಜೀನ್ ಪತ್ತೆಯಾಯಿತು. ಅದರೊಳಗಿನ ಮೂರಕ್ಷರದ ತುಣುಕು 200ಕ್ಕಿಂತ ಹೆಚ್ಚು ಸಲ ಮರುಕಳಿಸಿದರೆ ಜೀನ್ ಮೌನವಾಗುತ್ತದೆ, ಮಿದುಳಿಗೆ ಬೇಕಾದ ಒಂದು ಪ್ರೋಟೀನ್ ತಯಾರಾಗುವುದಿಲ್ಲ. ಇದೇ ಫ್ರಜೈಲ್ ಎಕ್ಸ್. ಆಟಿಸಂ ಇರುವವರಲ್ಲಿ ಇದರ ಪಾಲು ಚಿಕ್ಕದು. ಆದರೆ ಕಾರಣ ಸ್ಪಷ್ಟವಾಗಿ ಗೊತ್ತಿರುವುದರಿಂದ ಸಂಶೋಧಕರಿಗೆ ಇದೊಂದು ಬಾಗಿಲಾಯಿತು.

ಆ ಬಾಗಿಲು ತಟ್ಟಿದವರಲ್ಲಿ ಒಬ್ಬರು ಸುಮಂತ್ರ ಚಟ್ಟರ್ಜಿ. ಬಳ್ಳಾರಿ ರಸ್ತೆಯ ಜಿಕೆವಿಕೆ ಆವರಣದ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಅವರು ಅಧ್ಯಯನ ಮಾಡುತ್ತಿದ್ದದ್ದು ನೆನಪು ಮತ್ತು ಒತ್ತಡವನ್ನು. ಅವರ ತಂಡ 2002ರಲ್ಲಿ ಪ್ರಕಟಿಸಿದ ಪ್ರಯೋಗ ಹೀಗಿತ್ತು: ಇಲಿಗಳನ್ನು ದಿನಕ್ಕೆ 2 ಗಂಟೆಯಂತೆ 10 ದಿನ ಅಲುಗಾಡದಂತೆ ಇಟ್ಟರು. ಘಟನೆಗಳನ್ನು ನೆನಪಿಡುವ ಹಿಪೊಕ್ಯಾಂಪಸ್‌ನಲ್ಲಿ ನರಕೋಶಗಳ ಕೊಂಬೆಗಳು ಕುಗ್ಗಿದವು. ಭಯವನ್ನು ನೆನಪಿಡುವ ಅಮಿಗ್ಡಲದಲ್ಲಿ ಅವೇ ಕೊಂಬೆಗಳು ಹಬ್ಬಿದವು. 2004ರ ಇನ್ನೊಂದು ಪ್ರಬಂಧದ ಪ್ರಕಾರ, 21 ದಿನ ನೆಮ್ಮದಿಯಾಗಿ ಬಿಟ್ಟರೂ ಅಮಿಗ್ಡಲದ ಬೆಳವಣಿಗೆ ಇಳಿಯಲಿಲ್ಲ, ಆತಂಕವೂ ಹೋಗಲಿಲ್ಲ.

ಅಂದರೆ ಒಂದೇ ಮಿದುಳಿನ ಎರಡು ಮೂಲೆಗಳು ಒಂದೇ ಕಷ್ಟಕ್ಕೆ ಎರಡು ಉತ್ತರ ಕೊಡುತ್ತವೆ. ಈ ಪಾಠವನ್ನೇ ಅವರು ಫ್ರಜೈಲ್ ಎಕ್ಸ್‌ಗೂ ಒಯ್ದರು. ಆಗ ಅಮೆರಿಕದ ಮಾರ್ಕ್ ಬೇರ್ ಮತ್ತು ಸಂಗಡಿಗರ ವಾದ ಜೋರಾಗಿತ್ತು: ಎಂಗ್ಲೂರ್5 ಎಂಬ ಗ್ರಾಹಕದ ಕೆಲಸಕ್ಕೆ ಕಡಿವಾಣವಿಲ್ಲದೆ ಹಿಪೊಕ್ಯಾಂಪಸ್‌ನಲ್ಲಿ ನರಕೋಶಗಳ ನಡುವಿನ ಸಂಪರ್ಕ ಅತಿಯಾಗಿ ಸಡಿಲವಾಗುತ್ತದೆ, ಅದನ್ನು ತಡೆದರೆ ಸಾಕು. ಚಟ್ಟರ್ಜಿಯವರ ತಂಡ ಅಮಿಗ್ಡಲವನ್ನು ನೋಡಿತು. ಅಲ್ಲಿ ತೊಂದರೆ ಬೇರೆಯೇ, ಬಲಗೊಳ್ಳಬೇಕಾದ ಸಂಪರ್ಕ ಬಲಗೊಳ್ಳುತ್ತಲೇ ಇರಲಿಲ್ಲ. ಗ್ರಾಹಕವನ್ನು ತಡೆಯುವ ಔಷಧ ಕೆಲವು ದೋಷಗಳನ್ನು ಸರಿಪಡಿಸಿತು, ಎಲ್ಲವನ್ನೂ ಅಲ್ಲ. ಇದು 2010ರ ಮಾತು. 2014ರ ಹೊತ್ತಿಗೆ ಇದೇ ಗ್ರಾಹಕದ ಮೇಲೆ ಭರವಸೆಯಿಟ್ಟ ದೊಡ್ಡ ಔಷಧ ಪ್ರಯೋಗಗಳು ಮನುಷ್ಯರಲ್ಲಿ ಫಲ ಕೊಡದೆ ನಿಂತವು. ಎಷ್ಟೋ ಮನೆಗಳ ಆಸೆ ಅದರೊಂದಿಗೇ ನಿಂತಿತು.

ಕೆಲಸ ನಿಲ್ಲಲಿಲ್ಲ. 2019ರಲ್ಲಿ ಎಡಿನ್‌ಬರೋ ಮತ್ತು ಬೆಂಗಳೂರಿನ ಸಂಶೋಧಕರಿದ್ದ ತಂಡ, ಫ್ರಜೈಲ್ ಎಕ್ಸ್ ಮಾದರಿಯ ಇಲಿಗಳಿಗೆ ಎಳವೆಯಲ್ಲಿ ಕೆಲವೇ ವಾರ ಕೊಲೆಸ್ಟರಾಲ್ ಇಳಿಸುವ ಒಂದು ಮಾತ್ರೆ ಕೊಟ್ಟಾಗ, ಅದನ್ನು ನಿಲ್ಲಿಸಿ ತಿಂಗಳುಗಳಾದ ಮೇಲೂ ಅವುಗಳ ಕಲಿಕೆ ಸುಧಾರಿಸಿಯೇ ಇದ್ದುದನ್ನು ವರದಿ ಮಾಡಿತು. ಇಲಿಯಿಂದ ಮಗುವಿಗೆ ದಾರಿ ದೂರ ಎಂಬುದನ್ನು 2014 ಕಲಿಸಿಯಾಗಿತ್ತು.

ನಮ್ಮ ಹುಡುಗನ ರಕ್ತಪರೀಕ್ಷೆಯಲ್ಲಿ ಫ್ರಜೈಲ್ ಎಕ್ಸ್ ಇಲ್ಲ ಎಂದು ಬಂತು. ಹಾಗಿದ್ದರೆ ಏನು ಎಂಬುದಕ್ಕೆ ಯಾರ ಬಳಿಯೂ ಉತ್ತರವಿಲ್ಲ. ಆದರೂ ಈ ಚರಿತ್ರೆಯನ್ನೆಲ್ಲ ಅಕ್ಕನಿಗೆ ಹೇಳಿದೆ. ಜೀನ್ ತಾಯಿಯಿಂದ ಬಂದಿದ್ದರೂ ಅದು ತಾಯಿ ಮಾಡಿದ ತಪ್ಪಲ್ಲ ಎಂದೆ. ಅವಳು ಏನೂ ಹೇಳದೆ ಅಕ್ಕಿ ಆರಿಸುತ್ತ ಕೂತಳು. ಸ್ವಲ್ಪ ಹೊತ್ತಾದ ಮೇಲೆ, 'ಆ ಇಲಿಗೆ 21 ದಿನ ಆದ್ರೂ ಭಯ ಹೋಗ್ಲಿಲ್ವಾ?' ಎಂದು ಕೇಳಿದಳು.

ಇಲಿಯ ಕತೆಯನ್ನು ಹುಡುಗನ ಮೇಲೆ ಹೊರಿಸಬಾರದು, ನನಗೆ ಗೊತ್ತು. ಆದರೆ ಅಂದಿನಿಂದ ನಾವು ಅವನಿಗೆ 'ಅದನ್ನ ಮರೆತುಬಿಡು' ಎನ್ನುವುದನ್ನು ಬಿಟ್ಟೆವು. ಈಗ ಮುಂದಿನ ಸ್ಟಾಪಿನವರೆಗೆ ನಡೆಯುತ್ತೇವೆ. ದಾರಿಯುದ್ದಕ್ಕೂ ಅವನು ಬಸ್ಸುಗಳ ನಂಬರು ಹೇಳುತ್ತಾನೆ.