ಸ್ಟೇಟ್ ಪಾರ್ಕಿನಲ್ಲಿ ಜಿಯೋಕ್ಯಾಶ್ ಇಡಲು ಅನುಮತಿ: ಸದಸ್ಯರ ಮಾಹಿತಿಗಾಗಿ



ಮಕ್ಕಳು ಅಮೆರಿಕದಲ್ಲಿರುವ ಕುಟುಂಬಗಳು ನಮ್ಮ ಸಂಘದಲ್ಲಿ ಸಾಕಷ್ಟಿವೆ. ಅಲ್ಲಿಗೆ ಹೋದ ಹಿರಿಯರನ್ನು ಮೊಮ್ಮಕ್ಕಳು ಪಾರ್ಕಿಗೆ ಕರೆದೊಯ್ದು ಜಿಯೋಕ್ಯಾಶಿಂಗ್ ಆಟ ಆಡಿಸುವುದುಂಟು. ಹುಡುಕುವ ಆಟಕ್ಕೆ ಪಾರ್ಕಿನ ಸಾಮಾನ್ಯ ನಿಯಮ ಪಾಲಿಸಿದರೆ ಸಾಕು. ಆದರೆ ನಾವೇ ಡಬ್ಬಿ ಬಚ್ಚಿಡಬೇಕೆಂದರೆ ಜಾಗದ ಒಡೆಯರ ಅನುಮತಿ ಬೇಕು.

ಆಟದ ಪರಿಚಯ

ನೀರು ಇಳಿಯದ ಡಬ್ಬಿಯಲ್ಲಿ ಒಂದು ಸಹಿ ಪುಸ್ತಕ ಇಟ್ಟು, ಅದನ್ನು ಬಚ್ಚಿಟ್ಟು, ಜಾಗದ ಅಕ್ಷಾಂಶ ರೇಖಾಂಶವನ್ನು ಅಂತರ್ಜಾಲದಲ್ಲಿ ಪ್ರಕಟಿಸುತ್ತಾರೆ. ಹುಡುಕಿ ಬಂದವರು ಸಹಿ ಹಾಕಿ ಡಬ್ಬಿಯನ್ನು ಇದ್ದಲ್ಲೇ ಇಡಬೇಕು. ನಾಗರಿಕರಿಗೆ ಸಿಗುವ ಜಿಪಿಎಸ್ ಸಂಕೇತವನ್ನು ಬೇಕೆಂದೇ ಅಸ್ಪಷ್ಟಗೊಳಿಸುವ ಪದ್ಧತಿಯನ್ನು ಅಮೆರಿಕ ಸರಕಾರ 2000ದ ಮೇ 2ರಂದು ನಿಲ್ಲಿಸಿತು. ಮರುದಿನವೇ ಡೇವ್ ಉಲ್ಮರ್ ಎಂಬವರು ಒರೆಗಾನ್ ರಾಜ್ಯದ ಬೀವರ್‌ಕ್ರೀಕ್ ಬಳಿ ಮೊದಲ ಡಬ್ಬಿ ಇಟ್ಟರು.

ಅನುಮತಿ ಯಾರದು?

ಜಾಗ ಯಾರ ಆಡಳಿತದಲ್ಲಿದೆ ಎಂಬುದನ್ನು ಮೊದಲು ತಿಳಿಯಬೇಕು. ನ್ಯಾಷನಲ್ ಪಾರ್ಕ್‌ಗಳು ಕೇಂದ್ರ ಸರಕಾರದವು. ಅಲ್ಲಿ ಸಾಮಾನ್ಯವಾಗಿ ಡಬ್ಬಿ ಇಡಲು ಬಿಡುವುದಿಲ್ಲ. ಡಬ್ಬಿಯೇ ಇಲ್ಲದ, ಭೂರಚನೆಯನ್ನು ನೋಡಿ ಉತ್ತರ ಬರೆಯುವ 'ಅರ್ಥ್‌ಕ್ಯಾಶ್' ಅಲ್ಲಿಗೆ ಹೆಚ್ಚು ಸೂಕ್ತ. ಸ್ಟೇಟ್ ಪಾರ್ಕ್‌ಗಳು ಆಯಾ ರಾಜ್ಯದವು, ಆದ್ದರಿಂದ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಆಟದ ವೆಬ್‌ಸೈಟಿನ ಪರಿಶೀಲಕರು ಒಪ್ಪಿದರೆಂದು ಪಾರ್ಕಿನವರು ಒಪ್ಪಿದಂತಾಗುವುದಿಲ್ಲ. ಇವೆರಡೂ ಬೇರೆ ಬೇರೆ.

ಉದಾಹರಣೆ: ವಾಷಿಂಗ್ಟನ್ ರಾಜ್ಯ

ಈ ಆಟದ ಮುಖ್ಯ ವೆಬ್‌ಸೈಟ್ ನಡೆಸುವ ಕಂಪನಿ ಇದೇ ರಾಜ್ಯದ ಸಿಯಾಟಲ್ ನಗರದಲ್ಲಿದೆ. ಆದರೂ ಇಲ್ಲಿನ ಸ್ಟೇಟ್ ಪಾರ್ಕಿನಲ್ಲಿ ಡಬ್ಬಿ ಇಡುವವರು ಪರ್ಮಿಟ್ ಪಡೆಯಲೇಬೇಕು. ಇಟ್ಟವರು 90 ದಿನಕ್ಕೊಮ್ಮೆಯಾದರೂ ನೋಡಿಬಂದು ಅದರ ದಾಖಲೆ ಇಡಬೇಕು. ಸಹಿ ಪುಸ್ತಕ ಕಡ್ಡಾಯ. ತಿಂಡಿ, ಔಷಧಿ, ಆಯುಧ, ಅಪಾಯಕಾರಿ ಅಥವಾ ಅಸಭ್ಯ ವಸ್ತುಗಳನ್ನು ಒಳಗೆ ಇಡುವಂತಿಲ್ಲ.

ಅರ್ಜಿಯ ಕ್ರಮ

1. ಆ ರಾಜ್ಯದ ಪಾರ್ಕ್ ಇಲಾಖೆಯ ವೆಬ್‌ಸೈಟಿನಲ್ಲಿ ಜಿಯೋಕ್ಯಾಶಿಂಗ್ ನಿಯಮ ಮತ್ತು ನಮೂನೆ ಇದೆಯೇ ನೋಡಿ. ಇಲ್ಲದಿದ್ದರೆ ಪಾರ್ಕ್ ಕಚೇರಿಗೆ ಪತ್ರ ಬರೆಯಿರಿ.
2. ಜಾಗ ಆರಿಸಿ. ನಡೆಯುವ ದಾರಿಗೆ ಹತ್ತಿರವಿರಲಿ; ಗಿಡ ತುಳಿಯುವಂತೆ, ಕಡಿದಾದ ಬಂಡೆ ಹತ್ತುವಂತೆ ಇರಬಾರದು. ಮತ್ತೊಂದು ಡಬ್ಬಿಗೆ ಕನಿಷ್ಠ 161 ಮೀಟರ್ ಅಂತರವಿರಲಿ. ನೆಲ ಅಗೆದು ಹೂಳುವಂತಿಲ್ಲ.
3. ಅರ್ಜಿಯಲ್ಲಿ ಅಕ್ಷಾಂಶ ರೇಖಾಂಶ, ಡಬ್ಬಿಯ ಅಳತೆ, ಇಡುವವರ ವಿಳಾಸ ಸ್ಪಷ್ಟವಾಗಿರಲಿ. ಜಾಗದ ಫೋಟೋ ಸೇರಿಸಿದರೆ ಒಳ್ಳೆಯದು.
4. ಅನುಮತಿಯನ್ನು ಲಿಖಿತವಾಗಿ ಪಡೆಯಿರಿ. ರೇಂಜರ್ ಬಾಯಿಮಾತಿನಲ್ಲಿ 'ಆಗಬಹುದು' ಎಂದದ್ದು ಅವರು ವರ್ಗವಾದ ಮೇಲೆ ದಾಖಲೆಯಾಗದು. ಪ್ರತಿ ತೆಗೆದಿಟ್ಟುಕೊಳ್ಳಿ.
5. ಅನುಮತಿಯ ವಿವರವನ್ನು ಆಟದ ಪರಿಶೀಲಕರಿಗೆ ಕೊಡಿ. ಡಬ್ಬಿಯ ಹೊರಗೆ ಇದು ಜಿಯೋಕ್ಯಾಶ್ ಎಂದು ಕಾಣುವಂತೆ ಬರೆಯಿರಿ.

ಪ್ರವಾಸಿ ಹಿರಿಯರ ಗಮನಕ್ಕೆ: ಕೆಲವು ತಿಂಗಳು ಇದ್ದು ಮರಳುವವರ ಹೆಸರಿನಲ್ಲಿ ಅರ್ಜಿ ಬೇಡ. ನೋಡಿಕೊಳ್ಳುವವರು ಹತ್ತಿರದಲ್ಲಿಲ್ಲದ ಡಬ್ಬಿಯನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಅಲ್ಲೇ ನೆಲೆಸಿರುವ ಮಗ, ಮಗಳು, ಸೊಸೆ ಅಥವಾ ಅಳಿಯನ ಹೆಸರಿನಲ್ಲಿರಲಿ. ಅನುಮತಿ ಒಂದು ದಿನದ ಸಹಿಯಿಂದ ಮುಗಿಯುವುದಿಲ್ಲ. ಡಬ್ಬಿ ಅಲ್ಲಿರುವಷ್ಟು ಕಾಲ ಹೊಣೆಯೂ ಇರುತ್ತದೆ.

ಇಷ್ಟೆಲ್ಲ ಯಾಕೆ?

2011ರಲ್ಲಿ ಇಂಗ್ಲೆಂಡಿನ ವೆದರ್‌ಬಿ ಪಟ್ಟಣದಲ್ಲಿ ಇಂಥ ಒಂದು ಡಬ್ಬಿಯನ್ನು ಬಾಂಬ್ ಎಂದು ಶಂಕಿಸಿ, ಬಾಂಬ್ ನಿಷ್ಕ್ರಿಯ ದಳ ಕರೆಸಿ ಸ್ಫೋಟಿಸಲಾಯಿತು. ಕಾಡಿನಲ್ಲಾದರೆ ಬೇರೆ ತೊಂದರೆ: ನೂರು ಜನ ಹುಡುಕಿ ತುಳಿದಲ್ಲಿ ಹೊಸ ಕಾಲುದಾರಿ ಬೀಳುತ್ತದೆ, ಅಪರೂಪದ ಸಸ್ಯ ಹಾಳಾಗುತ್ತದೆ. ಯಾವ ಜಾಗ ನಾಜೂಕು ಎಂಬುದು ಪಾರ್ಕಿನವರಿಗೆ ಗೊತ್ತು; ನಮಗೆ ಗೊತ್ತಿರುವುದಿಲ್ಲ.

ನಮ್ಮ ಊರಿನಲ್ಲಿ

ರಜೆಗೆ ಬಂದ ಮೊಮ್ಮಕ್ಕಳು ಇಲ್ಲಿಯೂ ಡಬ್ಬಿ ಇಡೋಣ ಎನ್ನಬಹುದು. ತಾಳವಾಡಿಯವರ ಸುತ್ತ ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶವಿದೆ. ವಯನಾಡಿನಲ್ಲಿ ಮುತ್ತಂಗ, ನೀಲಗಿರಿಯಲ್ಲಿ ಮುದುಮಲೆ, ಸೊಲ್ಲಾಪುರದ ಬಳಿ ನಾನಜ್ ಇವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಭಯಾರಣ್ಯದ ಪ್ರವೇಶಕ್ಕೇ ನಿರ್ಬಂಧವಿದೆ. ಅಧ್ಯಯನ, ಛಾಯಾಗ್ರಹಣ, ಪ್ರವಾಸದಂಥ ಉದ್ದೇಶಗಳಿಗೆ ಪರವಾನಗಿ ಕೊಡುವ ಅಧಿಕಾರ ಮುಖ್ಯ ವನ್ಯಜೀವಿ ಪಾಲಕರದು. ಕಾಸರಗೋಡಿನ ಬೇಕಲ ಕೋಟೆ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ. ಅಲ್ಲಿ ಕಲ್ಲು ಸರಿಸಿ ಡಬ್ಬಿ ತುರುಕುವ ಯೋಚನೆಯೂ ಬೇಡ. ಮಕ್ಕಳ ಆಸೆ ತೀರಿಸಲು ಸ್ವಂತ ತೋಟವಾಗಲಿ, ಒಪ್ಪಿಗೆ ಕೊಟ್ಟ ನೆಂಟರ ಹಿತ್ತಿಲಾಗಲಿ ಸಾಕು.

ನಿಯಮಗಳು ಬದಲಾಗುತ್ತಿರುತ್ತವೆ. ಡಬ್ಬಿ ಕೊಳ್ಳುವ ಮೊದಲು ಆಯಾ ಪಾರ್ಕ್ ಕಚೇರಿಯಲ್ಲಿ ವಿಚಾರಿಸಬೇಕಾಗಿ ವಿನಂತಿ.

– ಕಾರ್ಯದರ್ಶಿ