ಜಾವಾಸ್ಕ್ರಿಪ್ಟ್ ಮತ್ತು ಸ್ವತಂತ್ರ ಸರ್ವರ್: ಒಂದು ಐತಿಹಾಸಿಕ ಪರಿಶೀಲನೆ

ಜಾವಾಸ್ಕ್ರಿಪ್ಟ್ ಬ್ರೌಸರಿಗಾಗಿಯೇ ಹುಟ್ಟಿದ ಭಾಷೆಯೆಂದೂ, 2009 ರಲ್ಲಿ ನೋಡ್.ಜೆಎಸ್ ಬಂದ ಬಳಿಕವೇ ಅದು ಸರ್ವರನ್ನು ಪ್ರವೇಶಿಸಿತೆಂದೂ ಹೇಳುವುದುಂಟು. ಈ ಅಭಿಪ್ರಾಯವು ಪೂರ್ಣವಾಗಿ ಸಮಂಜಸವೆನಿಸುವುದಿಲ್ಲ. ಬ್ರೆಂಡನ್ ಐಕ್ ಅವರು ನೆಟ್‌ಸ್ಕೇಪ್ ಸಂಸ್ಥೆಯಲ್ಲಿ ಈ ಭಾಷೆಯ ಮೊದಲ ರೂಪವನ್ನು ರಚಿಸಿದುದು 1995 ರ ಮೇ ತಿಂಗಳಲ್ಲಿ. ಅದೇ ಡಿಸೆಂಬರಿನಲ್ಲಿ ಭಾಷೆಯನ್ನು ಪ್ರಕಟಪಡಿಸಿದಾಗಲೇ ಸರ್ವರಿನಲ್ಲಿಯೂ ಅದರ ಬಳಕೆಯನ್ನು ಸೂಚಿಸಲಾಗಿತ್ತು. ಲೈವ್‌ವೈರ್ ಎಂಬ ಸಾಧನವು ಈ ಸೂಚನೆಯನ್ನು ಕೈಗೂಡಿಸಿತು.

ಹಾಗಿದ್ದರೂ 2009 ನ್ನು ಹೊಸ ಯುಗದ ಆರಂಭವೆಂದು ಎಣಿಸಲು ಕಾರಣವಿದೆ. ಲೈವ್‌ವೈರಿನ ಕ್ರಮವಿಧಿಗಳು ನೆಟ್‌ಸ್ಕೇಪಿನ ಸರ್ವರುಗಳನ್ನೇ ಆಶ್ರಯಿಸಿದ್ದವು. ಆಶ್ರಯವು ಕುಂದಿದಾಗ ಅವೂ ಕುಂದಿದವು. ಗೂಗಲ್ ಸಂಸ್ಥೆಯು 2008 ರಲ್ಲಿ ಕ್ರೋಮ್ ಬ್ರೌಸರಿನೊಡನೆ ವಿ8 ಎಂಬ ತಂತ್ರಾಂಶವನ್ನು ಮುಕ್ತವಾಗಿ ಬಿಡುಗಡೆ ಮಾಡಿತು. ರಯಾನ್ ಡಾಲ್ ಅವರು ಅದನ್ನು ಬ್ರೌಸರಿನಿಂದ ಹೊರತಂದು ನೋಡ್ ಅನ್ನು ನಿರ್ಮಿಸಿ, 2009 ರ ನವೆಂಬರಿನಲ್ಲಿ ಬರ್ಲಿನ್ನಿನ ಸಮ್ಮೇಳನದಲ್ಲಿ ವಿವರಿಸಿದರು. ಇದರಿಂದ ಕ್ರಮವಿಧಿಯು ಬೇರೊಂದು ಸರ್ವರಿನ ಅತಿಥಿಯಾಗಿರದೆ ತಾನೇ ಸರ್ವರ್ ಆಗುವಂತಾಯಿತು.

ಈ ಸ್ವಾತಂತ್ರ್ಯದ ಬೆನ್ನಿಗೇ ಹೊಸ ಅವಲಂಬನೆಗಳು ಬೆಳೆದವು. 2010 ರಲ್ಲಿ ಬಂದ ಎನ್‌ಪಿಎಂ ಪರರ ಕ್ರಮವಿಧಿಗಳನ್ನು ಸುಲಭವಾಗಿ ಒದಗಿಸಿತು. ಆದರೆ 2016 ರ ಮಾರ್ಚಿನಲ್ಲಿ 'ಲೆಫ್ಟ್‌ಪ್ಯಾಡ್' ಎಂಬ ಹನ್ನೊಂದು ಸಾಲಿನ ಕಟ್ಟನ್ನು ಅದರ ಕರ್ತೃ ಹಿಂತೆಗೆದುಕೊಂಡಾಗ ಅನೇಕ ದೊಡ್ಡ ಯೋಜನೆಗಳ ಕೆಲಸ ನಿಂತಿತು. ಅದೇ ವರ್ಷದ ಅಕ್ಟೋಬರಿನಲ್ಲಿ, 2020 ರಿಂದ ವರ್ಸೆಲ್ ಎಂದು ಹೆಸರಾದ ಝೈಟ್ ಸಂಸ್ಥೆಯು ನೆಕ್ಸ್ಟ್.ಜೆಎಸ್ ಫ್ರೇಮ್‌ವರ್ಕನ್ನು ಹೊರತಂದಿತು. ಇದನ್ನು ಸ್ವಂತ ಯಂತ್ರದಲ್ಲಿ ನಡೆಸಲು ಮೊದಲಿನಿಂದಲೂ ಅಡ್ಡಿಯಿರಲಿಲ್ಲ. ಆದರೆ ಆಧಾರಭೂತ ಕಟ್ಟುಗಳ ಭಾರವನ್ನೆಲ್ಲ ಜೊತೆಯಲ್ಲಿ ಒಯ್ಯಬೇಕಾಗಿತ್ತು. ನಿರ್ಮಾಪಕರ ವೇದಿಕೆಯಲ್ಲಿ ನೆಲೆಗೊಳಿಸುವುದೇ ಸುಲಭವಾಗಿತ್ತು.

2021 ರ ಹನ್ನೆರಡನೆಯ ಆವೃತ್ತಿಯು, ನಡೆಯಲು ಯಾವ ಕಡತಗಳು ನಿಜವಾಗಿ ಬೇಕೆಂಬುದನ್ನು ಗುರುತಿಸುವ ಕ್ರಮವನ್ನು ತಂದಿತು. ಇದರ ಆಧಾರದ ಮೇಲೆ 'ಸ್ಟ್ಯಾಂಡ್‌ಅಲೋನ್' ವಿಧಾನವು ರೂಪುಗೊಂಡಿತು. ಅಗತ್ಯವಾದ ಕಡತಗಳೂ 'ಸರ್ವರ್.ಜೆಎಸ್' ಎಂಬ ಚಿಕ್ಕ ಕಡತವೂ ಒಂದೇ ಫೋಲ್ಡರಿನಲ್ಲಿ ಸೇರುತ್ತವೆ. ನೋಡ್ ಇರುವ ತಕ್ಕ ಯಂತ್ರಕ್ಕೆ ಇದನ್ನು ಒಯ್ದು ಚಾಲನೆಗೊಳಿಸಬಹುದು. ಆದರೆ 'ಪಬ್ಲಿಕ್' ಮತ್ತು 'ಸ್ಟ್ಯಾಟಿಕ್' ಫೋಲ್ಡರುಗಳು ತಾವಾಗಿ ಸೇರುವುದಿಲ್ಲ. ಅವನ್ನು ನಾವೇ ಪ್ರತಿಮಾಡಿ ಇರಿಸದಿದ್ದರೆ ಪುಟವು ಅಲಂಕಾರ, ಚಿತ್ರಗಳಿಲ್ಲದೆ ಬರಿದಾಗಿ ತೋರುತ್ತದೆ. ಸಾಮಾನ್ಯವಾಗಿ ಸರ್ವರಿನ ಮುಂದೆ ಎನ್‌ಜಿನ್ಎಕ್ಸ್ ದ್ವಾರಪಾಲಕನಂತೆ ನಿಂತು ಗೂಢಲಿಪಿಯ ಹೊಣೆಯನ್ನು ಹೊರುತ್ತದೆ. ಸರ್ವರ್ ನಿಂತುಹೋದರೆ ಸಿಸ್ಟಂಡಿ ಅದನ್ನು ಮತ್ತೆ ಎಬ್ಬಿಸುತ್ತದೆ.

ಇಷ್ಟಾದರೂ ಇದನ್ನು ಸಂಪೂರ್ಣ ಸ್ವಾತಂತ್ರ್ಯವೆನ್ನಲಾಗದು. ನೋಡ್ ಬೇಕು, ಯಂತ್ರ ಬೇಕು, ನೋಡಿಕೊಳ್ಳುವ ಮನುಷ್ಯನೂ ಬೇಕು. ಆದರೆ ಬಿಟ್ಟು ಹೊರಡಲು ದಾರಿಯಿರುವ ಅವಲಂಬನೆಗೂ ದಾರಿಯಿಲ್ಲದ ಅವಲಂಬನೆಗೂ ಬಹಳ ಅಂತರವಿದೆ. ಲೈವ್‌ವೈರಿನ ಅವಸಾನವು ಕಲಿಸುವ ಪಾಠವೂ ಇದೇ.

ಈ ವಿಷಯವು ತಂತ್ರಜ್ಞರಿಗೆ ಮಾತ್ರ ಸಂಬಂಧಿಸಿದುದಲ್ಲ. ಇಂದು ಎಷ್ಟೋ ದಾಖಲೆಗಳು ಓಲೆಯ ಮೇಲಾಗಲಿ ಕಾಗದದ ಮೇಲಾಗಲಿ ಇಲ್ಲ. ಇಂಥ ಅನ್ವಯಗಳೊಳಗೇ ಹುಟ್ಟಿ ಅಲ್ಲಿಯೇ ಉಳಿದಿವೆ. ಆಶ್ರಯ ಕೊಟ್ಟ ಸಂಸ್ಥೆಯ ಒಪ್ಪಂದ ಮುಗಿದ ದಿನ ಅವು ಬೇರೆಡೆಯಲ್ಲಿ ಮತ್ತೆ ತೆರೆದುಕೊಳ್ಳಬಲ್ಲವೇ? ಮೂಲಪಾಠ, ಆಧಾರ ಕಟ್ಟುಗಳ ನಿಖರ ಪಟ್ಟಿ, ನೋಡ್‌ನ ಆವೃತ್ತಿ, ದತ್ತಾಂಶದ ಪ್ರತಿ, ನೆಲೆಗೊಳಿಸುವ ಕ್ರಮದ ಬರೆಹ ಇವಿಷ್ಟನ್ನೂ ಕಾಪಾಡಿದವರು ಮಾತ್ರ ಈ ಪ್ರಶ್ನೆಗೆ ಧೈರ್ಯದಿಂದ ಉತ್ತರಿಸಬಲ್ಲರೆಂದು ನಾವು ಭಾವಿಸುತ್ತೇವೆ.