ಕಿರೀಟದ ಚಿಪ್‌ಗೆ ಯಾಕೆ ಇಷ್ಟು ಬೆಲೆ? ಹಳೇ ಡ್ಯಾಕ್, ಹೊಸ ಡ್ಯಾಕ್ ಕಥೆ

ಭಾಗ 1/6: ಎರಡು ಚಿಪ್, ಒಂದೇ ಕೆಲಸ

ಮೊದಲನೇ ಫೋಟೋ ಜೂಮ್ ಮಾಡಿ ನೋಡಿ. ಎಡಗಡೆ ಇರೋ 28 ಕಾಲಿನ ದೊಡ್ಡಣ್ಣ ಫಿಲಿಪ್ಸ್‌ನ ಟಿಡಿಎ 1541ಎ. ಬಲಗಡೆ ತೊಗರಿಬೇಳೆಯಷ್ಟೇ ಇರೋದು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಪಿಸಿಎಂ 5102ಎ. ಹಾಡಿನ ಫೈಲಲ್ಲಿ ಇರೋದು ಬರೀ ಅಂಕಿ. ಆಂಪ್ಲಿಫೈಯರ್‌ಗೆ ಬೇಕಾಗಿರೋದು ಏರಿಳಿಯೋ ವಿದ್ಯುತ್. ಅಂಕಿಯನ್ನ ವಿದ್ಯುತ್ತಾಗಿ ಬದಲಾಯಿಸೋ ಚಿಪ್‌ಗೇ ಡ್ಯಾಕ್ ಅಂತ ಹೆಸರು. ಎರಡೂ ಮಾಡೋದು ಅದನ್ನೇ.

ಮೊದಲನೆಯದರ ತಯಾರಿಕೆ ನಿಂತು ದಶಕಗಳೇ ಆದವು. ಅದರಲ್ಲೂ ತಲೆ ಮೇಲೆ ಕಿರೀಟದ ಗುರುತಿರೋ ‘ಎಸ್1’ ಬೇಕು ಅಂದ್ರೆ ಸಾವಿರಗಟ್ಟಲೆ ರೂಪಾಯಿ ಕೇಳ್ತಾರೆ. ಎರಡನೆಯದು ಬೋರ್ಡ್ ಸಮೇತ ಕೆಲವೇ ನೂರಕ್ಕೆ ಸಿಗುತ್ತೆ. ಕ್ಲಾಸಲ್ಲಿ ಮೂರು ಜನ ಕೇಳಿದ್ರು: “ಹಳೇದೇ ಚೆನ್ನಾಗಿ ಹಾಡುತ್ತಂತೆ, ದುಡ್ಡು ಕೂಡಿಸಿ ತಗೊಂಡ್ಬಿಡ್ಲಾ?” ಈ ಸರಣಿ ಅವರಿಗೆ. ದುಡ್ಡು ಕೊಡೋ ಮುಂಚೆ ಸ್ವಲ್ಪ ಚರಿತ್ರೆ ಓದ್ಕೊಳ್ಳಿ.

ಭಾಗ 2/6: 65,536 ಮೆಟ್ಟಿಲು

ಲ್ಯಾಬಲ್ಲಿ 741 ಆಪ್-ಆಂಪ್ ಇಟ್ಟು ಆರ್-2ಆರ್ ಏಣಿ ಕಟ್ಟಿದ್ದು ನೆನಪಿದ್ಯಾ? ಅದು 4 ಬಿಟ್, ಅಂದ್ರೆ 16 ಮೆಟ್ಟಿಲು. ಸಿಡಿಗೆ ಬೇಕಾಗಿದ್ದು 16 ಬಿಟ್: 65,536 ಮೆಟ್ಟಿಲು, ಸೆಕೆಂಡಿಗೆ 44,100 ಸಲ, ಅದೂ ಎರಡು ಚಾನೆಲ್‌ಗೆ. ಇಲ್ಲಿ ಅತಿ ದೊಡ್ಡ ಬಿಟ್ ಶೇ 0.003ರಷ್ಟು ತಪ್ಪಿದ್ರೂ ಸಾಕು, ಅತಿ ಚಿಕ್ಕ ಬಿಟ್ ಇದ್ದೂ ಇಲ್ಲದ ಹಾಗೆ ಆಗುತ್ತೆ. ನಮ್ಮ ಲ್ಯಾಬ್ ಡಬ್ಬಿಯ ಚಿನ್ನದ ಪಟ್ಟಿ ರೆಸಿಸ್ಟರ್ ಶೇ 5ರವರೆಗೂ ತಪ್ಪಬಹುದು! ಲೆಕ್ಕ ನೀವೇ ಹಾಕಿ.

ಸಿಡಿಯ ನಿಯಮ ಬರೆಯುವಾಗ ಫಿಲಿಪ್ಸ್ 14 ಬಿಟ್ ಸಾಕು ಅಂತಿತ್ತು. ಸೋನಿ 16 ಬೇಕೇ ಬೇಕು ಅಂತ ಹಟ ಹಿಡಿದು ಗೆದ್ದಿತು. 1982ರ ಅಕ್ಟೋಬರ್ 1ರಂದು ಜಪಾನಿನಲ್ಲಿ ಸೋನಿಯ ಸಿಡಿಪಿ-101 ಮಾರಾಟಕ್ಕೆ ಬಂತು. ಅದರೊಳಗೆ ಇದ್ದದ್ದು ಒಂದೇ ಡ್ಯಾಕ್, ಎಡ-ಬಲ ಚಾನೆಲ್‌ಗಳಿಗೆ ಸರದಿ ಮೇಲೆ ದುಡಿಯುತ್ತಿತ್ತು.

ಫಿಲಿಪ್ಸ್ ಕೈಲಿದ್ದದ್ದು 14 ಬಿಟ್ಟಿನ ಟಿಡಿಎ 1540. ಬೇರೆ ಚಿಪ್‌ಗಾಗಿ ಕಾಯೋ ಬದಲು ಅವರು ಮುಂದೆ ಒಂದು ಡಿಜಿಟಲ್ ಫಿಲ್ಟರ್ ಕೂರಿಸಿದ್ರು. ಅದು ಪ್ರತಿ ಮಾದರಿಯ ಜಾಗದಲ್ಲಿ ನಾಲ್ಕನ್ನ ಲೆಕ್ಕ ಹಾಕಿ, ಸೆಕೆಂಡಿಗೆ 1,76,400ರ ವೇಗದಲ್ಲಿ ಡ್ಯಾಕ್‌ಗೆ ಕೊಡ್ತಿತ್ತು. ಉಳಿದ ತಪ್ಪಿನ ಸದ್ದನ್ನ ಕಿವಿಗೆ ಕೇಳದ ಮೇಲಿನ ಆವರ್ತನಗಳ ಕಡೆ ತಳ್ಳಿತು. ಹೀಗೆ 14 ಬಿಟ್ಟಿನ ಚಿಪ್ಪಿಂದ 16 ಬಿಟ್ಟಿನ ಹತ್ತಿರದ ಕೆಲಸ ತೆಗೆದ್ರು. ಮನೇಲಿರೋ ಪಾತ್ರೆಯಲ್ಲೇ ಹಬ್ಬದಡುಗೆ ಮಾಡಿದ ಹಾಗೆ.

ಭಾಗ 3/6: ಕಿಟಕಿ ಸೀಟಿನ ಸರದಿ

ಹಾಗಾದ್ರೆ ಆ ಕಾಲದ ಚಿಪ್ ಒಳಗೆ ಅಷ್ಟು ನಿಖರತೆ ಬಂದದ್ದು ಹೇಗೆ? ಒಂದು ದಾರಿ, ಲೇಸರ್‌ನಿಂದ ರೆಸಿಸ್ಟರ್ ಕೆತ್ತಿ ಸರಿಮಾಡೋದು. ಬರ್-ಬ್ರೌನ್ ಕಂಪನಿ ಹಿಡಿದ ದಾರಿ ಅದು. ದುಬಾರಿ. ಫಿಲಿಪ್ಸ್‌ನ ಎಂಜಿನಿಯರ್ ರೂಡಿ ವಾನ್ ಡೆ ಪ್ಲಾಷೆ 1970ರ ದಶಕದಲ್ಲೇ ಇನ್ನೊಂದು ಉಪಾಯ ಕಂಡುಕೊಂಡಿದ್ರು.

ಬಿಎಂಟಿಸಿ ಬಸ್ಸಲ್ಲಿ ಇಬ್ಬರು ಮಕ್ಕಳು ಕಿಟಕಿ ಸೀಟಿಗೆ ಜಗಳ ಆಡಿದ್ರೆ ಅಮ್ಮ ಏನ್ಮಾಡ್ತಾರೆ? ಸ್ಟಾಪ್ ಸ್ಟಾಪಿಗೂ ಅದಲು ಬದಲು ಮಾಡಿಸ್ತಾರೆ. ಇಳಿಯೋ ಹೊತ್ತಿಗೆ ಇಬ್ಬರಿಗೂ ಸಮಪಾಲು. ಇದೂ ಹಾಗೇ. ಎರಡು ಕರೆಂಟ್ ಸರಿಸಮ ಇಲ್ವಾ? ಅವುಗಳ ಜಾಗವನ್ನ ಬಹಳ ವೇಗವಾಗಿ ಬದಲಾಯಿಸ್ತಾ ಇರಿ, ಸರಾಸರಿ ಸಮ ಆಗುತ್ತೆ. ಬದಲಾಯಿಸುವಾಗ ಹುಟ್ಟೋ ಅಲುಗಾಟವನ್ನ ಚಿಪ್ ಹೊರಗಿನ ಕೆಪಾಸಿಟರ್‌ಗಳು ನುಂಗ್ತವೆ. ಎರಡನೇ ಫೋಟೋದಲ್ಲಿ ಚಿಪ್ ಸುತ್ತ ಸಾಲಾಗಿ ನಿಂತಿರೋ 14 ಕೆಪಾಸಿಟರ್ ಅದಕ್ಕೇ.

1980ರ ದಶಕದ ನಡುವೆ ಬಂದ 16 ಬಿಟ್ಟಿನ ಟಿಡಿಎ 1541 ಇದೇ ಉಪಾಯದ ಮೇಲೆ ನಿಂತಿದೆ. ‘ಎ’ ಅದರ ಮುಂದಿನ ರೂಪ. ಕಿರೀಟ ಅಂದ್ರೆ ಬೇರೆ ವಿನ್ಯಾಸ ಅಂದ್ಕೋಬೇಡಿ. ತಯಾರಾದ ರಾಶಿಯಲ್ಲಿ ಮೆಟ್ಟಿಲುಗಳು ಹೆಚ್ಚು ಸಮನಾಗಿ ಬಂದಿದ್ದನ್ನ ಅಳೆದು ಆರಿಸಿ ಹಾಕಿದ ಗುರುತು ಅಷ್ಟೆ.

ಭಾಗ 4/6: ನಮ್ಮೂರು ಎಲ್ಲಿ ಬರುತ್ತೆ?

ಬೆಂಗಳೂರಿಗೆ ಎಲೆಕ್ಟ್ರಾನಿಕ್ಸ್ ಐಟಿ ಜೊತೆ ಬಂದಿದ್ದಲ್ಲ. ಜಾಲಹಳ್ಳಿಯ ಬಿಇಎಲ್ ಶುರುವಾಗಿದ್ದು 1954ರಲ್ಲಿ. 1961ಕ್ಕೆ ರೇಡಿಯೋ ವಾಲ್ವ್, 1962ಕ್ಕೆ ಜರ್ಮೇನಿಯಂ ಟ್ರಾನ್ಸಿಸ್ಟರ್ ಅಲ್ಲೇ ತಯಾರಾಗ್ತಿತ್ತು.

ಡ್ಯಾಕ್ ಕಥೆಗೆ ನೇರವಾಗಿ ಸೇರೋ ವರ್ಷ 1985. ಆ ವರ್ಷ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿನಲ್ಲಿ ವಿನ್ಯಾಸ ಕೇಂದ್ರ ತೆರೀತು. ಉಪಗ್ರಹ ಸಂಪರ್ಕದ ಸಲಕರಣೆ ಎತ್ತಿನ ಗಾಡಿ ಮೇಲೆ ಬಂದ ಕಥೆಯನ್ನ ಆ ಕಂಪನಿಯವರೇ ಈಗ್ಲೂ ಹೇಳ್ತಾರೆ. 2000ದಲ್ಲಿ ಇದೇ ಕಂಪನಿ ಬರ್-ಬ್ರೌನನ್ನ ಕೊಂಡುಕೊಳ್ತು. ಇವತ್ತು ನಿಮ್ಮ ರಾಸ್ಪ್‌ಬೆರಿ ಪೈ ಮೇಲೆ ಕೂರೋ ಪಿಸಿಎಂ ಹೆಸರಿನ ಚಿಪ್‌ಗಳು ಆ ಮನೆತನದವು.

ಈ ನಡುವೆ ವಿದ್ಯೆಯೇ ಬದಲಾಗಿತ್ತು. 1980ರ ದಶಕದ ಕೊನೆಗೆ ಫಿಲಿಪ್ಸ್ ತಾನೇ ‘ಬಿಟ್‌ಸ್ಟ್ರೀಮ್’ ಅಂತ ಒಂದು ಬಿಟ್ಟಿನ ಡ್ಯಾಕ್ ತಂತು. ಆರ್ಡುಯಿನೊದಲ್ಲಿ ಎಲ್‌ಇಡಿ ಮಂದ ಮಾಡೋಕೆ ಪಿಡಬ್ಲ್ಯುಎಂ ಬಳಸ್ತೀವಲ್ಲ, ಇದು ಅದರ ಹತ್ತಿರದ ನೆಂಟ. 65,536 ಮೆಟ್ಟಿಲು ಕಡೆಯೋ ಗೋಜಿಲ್ಲ. ಕೆಲವೇ ಮಟ್ಟಗಳನ್ನ ವಿಪರೀತ ವೇಗದಲ್ಲಿ ಆನ್-ಆಫ್ ಮಾಡಿ ಸರಾಸರಿ ತೆಗೆಯೋದು. ರೆಸಿಸ್ಟರ್ ನಿಖರತೆಯ ಜಾಗಕ್ಕೆ ಲೆಕ್ಕಾಚಾರ ಬಂತು. ಲೆಕ್ಕಾಚಾರ ಸಿಲಿಕಾನ್‌ನಲ್ಲಿ ವರ್ಷ ವರ್ಷಕ್ಕೂ ಅಗ್ಗ ಆಗ್ತಾ ಹೋಯ್ತು. ದೊಡ್ಡಣ್ಣನ ಕಾಲ ಮುಗಿದಿದ್ದು ಹೀಗೆ.

ಭಾಗ 5/6: ಬೀದಿ ಕರೆಯೋ ಚಿಪ್

ಕಟ್ಟೋಕೆ ಕೂತಾಗ ವ್ಯತ್ಯಾಸ ಕಣ್ಣಿಗೇ ಕಾಣುತ್ತೆ. ಟಿಡಿಎ 1541ಎಗೆ +5, -5, -15 ಅಂತ ಮೂರು ವೋಲ್ಟೇಜ್ ಬೇಕು. ಅಂದ್ರೆ ತಕ್ಕ ಟ್ರಾನ್ಸ್‌ಫಾರ್ಮರ್ ಸುತ್ತಿಸಬೇಕು. ಚಿಪ್ ಕೊಡೋದು ಕರೆಂಟ್, ಅದನ್ನ ವೋಲ್ಟೇಜ್ ಮಾಡೋಕೆ ಆಪ್-ಆಂಪ್ ಬೇಕು. ಆಮೇಲೆ ಫಿಲ್ಟರ್, ಆ 14 ಕೆಪಾಸಿಟರ್, ಡಬ್ಬಿಗೆ ತಗಡು. ಒಂದು ಚಿಪ್‌ಗೋಸ್ಕರ ಕಾಮಾಕ್ಷಿಪಾಳ್ಯದ ವರ್ಕ್‌ಶಾಪ್‌ಗೂ ಎಸ್‌ಪಿ ರೋಡಿಗೂ ಓಡಾಡ್ಬೇಕು. (ರಾಜಾಜಿನಗರದವರಿಗೆ ಹಸಿರು ಮೆಟ್ರೋದಲ್ಲಿ ಚಿಕ್ಕಪೇಟೆ ನೇರ. ಕೆಂಗೇರಿ, ವಿಜಯನಗರದವರು ಮೆಜೆಸ್ಟಿಕ್‌ನಲ್ಲಿ ಬದಲಾಯಿಸಿ.)

ಪಿಸಿಎಂ 5102ಎಗೆ 3.3 ವೋಲ್ಟ್ ಸಾಕು. ಡಿಜಿಟಲ್ ಫಿಲ್ಟರ್, ಗಡಿಯಾರ, ಮೈನಸ್ ವೋಲ್ಟೇಜ್ ತಯಾರಿ ಎಲ್ಲಾ ಒಳಗೇ ಇದೆ. ಹೊರಗೆ ಸಿದ್ಧ 2.1 ವೋಲ್ಟ್ ಬರುತ್ತೆ. ಡೇಟಾಶೀಟ್ ಪ್ರಕಾರ ಸದ್ದು ಮತ್ತು ನಿಶ್ಶಬ್ದದ ನಡುವಿನ ಅಂತರ 112 ಡೆಸಿಬೆಲ್. 16 ಬಿಟ್ಟಿನ ಸಿಡಿಗೆ ಲೆಕ್ಕದಲ್ಲೇ ಸಿಗೋದು ಸುಮಾರು 98.

ಅದಕ್ಕೇ ನಾನು ಹೇಳೋದು: ಹಳೇದರಲ್ಲಿ ಕೆಲಸ ಚಿಪ್ ಹೊರಗೆ, ಕಟ್ಟೋರ ಕೈಲಿ. ಹೊಸದರಲ್ಲಿ ಆ ಕೆಲಸ ಚಿಪ್ ಒಳಗೆ ಹೋಗಿ ಕೂತಿದೆ. “ಹಳೇ ಡ್ಯಾಕ್ ಸೌಂಡ್” ಅಂತ ಜನ ಹೇಳೋದರಲ್ಲಿ ದೊಡ್ಡ ಪಾಲು ಅದರ ಸುತ್ತ ಇರೋ ಸರ್ಕ್ಯೂಟಿನದು.

ಒಂದು ಉದಾಹರಣೆ. 1990ರ ದಶಕದ ಕೊನೆಯಲ್ಲಿ ಜಪಾನಿನ ರಿಯೋಹೆ ಕುಸುನೋಕಿ ಡಿಜಿಟಲ್ ಫಿಲ್ಟರ್ರೇ ಬೇಡ ಅಂತ ವಾದಿಸಿದ್ರು. ಅಲ್ಲಿಂದ 8 ಕಾಲಿನ ಅಗ್ಗದ ಟಿಡಿಎ 1543 ಮನೆ ಮನೆಯ ಪ್ರಾಜೆಕ್ಟ್ ಆಯ್ತು. ಆದ್ರೆ ಫಿಲ್ಟರ್ ಇಲ್ಲದಿದ್ರೆ 20 ಕಿಲೋಹರ್ಟ್ಸ್ ಹತ್ತಿರ ಸದ್ದು ಸುಮಾರು 3 ಡೆಸಿಬೆಲ್ ಇಳಿಯುತ್ತೆ. “ಮೆತ್ತಗಿದೆ, ಇಂಪಾಗಿದೆ” ಅನ್ನೋದಕ್ಕೆ ಈ ಇಳಿತವೂ ಒಂದು ಕಾರಣ ಇರಬಹುದು ಅಲ್ವಾ?

ಭಾಗ 6/6: ದುಡ್ಡು ಕೊಡೋ ಮುಂಚೆ

ಹೋಲಿಸ್ಬೇಕಾ? ಸರಿಯಾಗಿ ಹೋಲಿಸಿ. ಎರಡೂ ಡ್ಯಾಕ್‌ನಲ್ಲಿ 100 ಹರ್ಟ್ಸ್ ಟೋನ್ ಹಾಕಿ, ಮಲ್ಟಿಮೀಟರನ್ನ ಎಸಿಗೆ ಇಟ್ಟು ವೋಲ್ಟೇಜ್ ಅಳೀರಿ. ಶೇ 1ರೊಳಗೆ ಸಮ ಮಾಡಿ. ಸ್ವಲ್ಪ ಜೋರಾಗಿದ್ದದ್ದೇ ಕಿವಿಗೆ ಚೆನ್ನಾಗಿ ಕೇಳುತ್ತೆ, ಅದೇ ದೊಡ್ಡ ಮೋಸ. ಆಮೇಲೆ ಗೆಳೆಯರು ಕಾಣದ ಹಾಗೆ ಬದಲಾಯಿಸಲಿ. 16 ಸಲದಲ್ಲಿ 12 ಸಲವಾದ್ರೂ ಸರಿಯಾಗಿ ಗುರುತಿಸಿದ್ರೆ ಮಾತಾಡೋಣ. ಬರೀ ಊಹೆಯಿಂದ ಅಷ್ಟು ಸರಿ ಬರೋ ಸಾಧ್ಯತೆ ಶೇ 4ಕ್ಕಿಂತ ಕಮ್ಮಿ.

ಕಿರೀಟ ನೋಡಿ ಮರುಳಾಗ್ಬೇಡಿ. ಮಾಮೂಲಿ ಚಿಪ್ ಮೇಲ್ಮೈ ಉಜ್ಜಿ, ಕಪ್ಪು ಬಳಿದು, ಕಿರೀಟ ಅಚ್ಚು ಹಾಕಿ ಮಾರೋರಿದ್ದಾರೆ. ಅಸಿಟೋನ್ ಹಚ್ಚಿದಾಗ ಮೇಲಿನ ಕಪ್ಪು ಲೇಪನವೇ ಕರಗಿ ಬಂದ್ರೆ ಅನುಮಾನ ಪಡಿ. ಚಿಪ್ ಆಸೆಗೆ ಮನೇಲಿ ಚೆನ್ನಾಗಿ ಹಾಡ್ತಿರೋ ತಾತನ ಸಿಡಿ ಪ್ಲೇಯರನ್ನ ಕಿತ್ತು ಹಾಕೋದಂತೂ ಬೇಡವೇ ಬೇಡ. ಆ ಚಿಪ್‌ಗೆ ಬೇಕಾದ ಟ್ರಾನ್ಸ್‌ಫಾರ್ಮರ್, ಫಿಲ್ಟರ್ ಎಲ್ಲಾ ಈಗಾಗಲೇ ಅದರೊಳಗೇ ಇದೆ. ಸ್ವಚ್ಛ ಮಾಡಿ ಕೇಳಿ.

ಹೊಸ ಚಿಪ್ ಸದಾ ಸಿಗುತ್ತೆ ಅಂತಲೂ ಅಂದ್ಕೋಬೇಡಿ. 2020ರ ಅಕ್ಟೋಬರ್‌ನಲ್ಲಿ ಜಪಾನಿನ ಎಕೆಎಂ ಕಾರ್ಖಾನೆಗೆ ಬೆಂಕಿ ಬಿತ್ತು. ಅದರ ಡ್ಯಾಕ್‌ಗಳನ್ನ ನಂಬಿದ್ದ ಕಂಪನಿಗಳು ವಿನ್ಯಾಸವನ್ನೇ ಬದಲಾಯಿಸಬೇಕಾಯ್ತು. ಇವತ್ತಿನ ಅಗ್ಗದ ಚಿಪ್ ನಾಳೆಯ ಅಪರೂಪದ ಚಿಪ್.

ನನ್ನ ಉತ್ತರ ಇಷ್ಟು. ಹಾಡು ಕೇಳೋಕಾದ್ರೆ ಹೊಸದು ತಗೊಳ್ಳಿ. ಕಲಿಯೋಕಾದ್ರೆ ಶೇ 1ರ ರೆಸಿಸ್ಟರ್ ತಂದು 8 ಬಿಟ್ಟಿನ ಏಣಿ ನೀವೇ ಕಟ್ಟಿ, ಒಂದು ಹಾಡು ಹಾಕಿ. ಗರಗರ ಅನ್ನುತ್ತೆ. ಯಾವ ಮೆಟ್ಟಿಲು ತಪ್ಪಿದೆ ಅಂತ ಹುಡುಕ್ತಾ ಕೂತ್ರೆ, 16 ಬಿಟ್ ಮುಟ್ಟೋಕೆ ವಾನ್ ಡೆ ಪ್ಲಾಷೆ ಪಟ್ಟ ಪಾಡು ಅರ್ಥ ಆಗುತ್ತೆ. ಆ ಪಾಠ ಕಿರೀಟದ ಚಿಪ್ ಕೊಂಡ್ರೆ ಸಿಗೋದಿಲ್ಲ.

ಕಟ್ಟಿದವರು ಬೋರ್ಡ್ ಫೋಟೋ ಹಾಕಿ ಟ್ಯಾಗ್ ಮಾಡಿ. ಮನೇಲಿ ಹಳೇ ಸಿಡಿ ಪ್ಲೇಯರ್ ಇದ್ರೆ ಮಾಡೆಲ್ ಹೆಸರು ಕಾಮೆಂಟಲ್ಲಿ ಬರೀರಿ, ಒಳಗೆ ಯಾವ ಡ್ಯಾಕ್ ಇದೆ ಅಂತ ಒಟ್ಟಿಗೆ ಹುಡುಕೋಣ.

#ಹಳೇಡ್ಯಾಕ್ಹೊಸಡ್ಯಾಕ್ #ಮನೇಲೇಕಟ್ಟಿದ್ದು #ರಾಜಾಜಿನಗರ